ಎಂಜಿನ್ನಿಗೆ ನಾನು ಮಾಡಿಸಿದ ಅಭ್ಯಂಜನ

ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಉಷ್ಣದ ಪಾಠ ಹೇಳಿದವನಿಗೆ ಒಂದು ಕಾರು ತೊಳೆಯುವುದು ಯಾವ ಮಹಾ ವಿದ್ಯೆ? ಹೀಗೆಂದುಕೊಂಡೇ ನಾನು ಆ ಶನಿವಾರ ಸಂಜೆ ಲುಂಗಿ ಮೇಲೆತ್ತಿ ಕಟ್ಟಿ ಅಂಗಳಕ್ಕಿಳಿದೆ.

ಕಾರು ನನ್ನದಲ್ಲ. ನನ್ನದು ಎನ್ನಬಹುದಾದದ್ದು ಒಂದು ಸೈಕಲ್ಲು, ಅದರಲ್ಲೂ ಗಂಟೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತಿತ್ತು. ಕಾರು ಪಕ್ಕದ ಮನೆಯ ದಸ್ತಗೀರಸಾಹೇಬರದು. ಅವರು ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ನನಗೆ ಕಾರು ಓಡಿಸಲು ಕಲಿಸಿದವರೂ ಅವರೇ. ಕಲಿಸುವಾಗ ಅವರು ಅಲ್ಲಾಹನನ್ನು ಕರೆದಷ್ಟು ಸಲ ನಾನು ಕ್ಲಚ್ ಒತ್ತಿರಲಿಲ್ಲ!

ಕಾರು ಬೇಕಾದದ್ದು ಕಮಲಾಳಿಗಾಗಿ. ಕಮಲಾ ನನ್ನ ಹೆಂಡತಿ ಸರೋಜಿನಿಯ ತಂಗಿ, ನಮ್ಮಲ್ಲೇ ಇದ್ದು ಕಾಲೇಜು ಓದುತ್ತಿದ್ದಳು. ಮರುದಿನ ಬೆಳಿಗ್ಗೆ ಹತ್ತೂವರೆಗೆ ಟಿಕೋಟಾದ ನನ್ನ ಮಾವನ ಮನೆಗೆ ಬಬಲೇಶ್ವರದಿಂದ ಗಂಡಿನವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ಬಂದು ಮುರಿದಿದ್ದವು. ಈ ಹುಡುಗನ ಫೋಟೋವನ್ನು ಮಾತ್ರ ಕಮಲಾ ಇತಿಹಾಸದ ಪುಸ್ತಕದಲ್ಲಿ ಇಟ್ಟುಕೊಂಡು, ಅದುವರೆಗೆ ಮುಟ್ಟದ ಇತಿಹಾಸವನ್ನು ದಿನಾಲೂ ಓದತೊಡಗಿದ್ದಳು. ಈ ಸಂಬಂಧ ತಪ್ಪಬಾರದು ಎಂದು ನನಗೂ ಇತ್ತು. ಹುಡುಗಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಜವಾಬ್ದಾರಿ ಹಿರಿಯ ಅಳಿಯನಾದ ನನ್ನ ಮೇಲೆ ಬಿತ್ತು. ಬಸ್ಸಿನಲ್ಲಿ ಹೋದರೆ ಒಂದು ತಾಸಿನ ದಾರಿ. ಆದರೆ ಬಸ್ಸಿನಲ್ಲಿ ಘನತೆ ಎಲ್ಲಿದೆ?

ಕೀಲಿಕೈ ಕೊಡುವಾಗ ದಸ್ತಗೀರಸಾಹೇಬರು ಹೇಳಿದ್ದರು: “ಮಾಸ್ತರ್ರ, ಮ್ಯಾಲಿಂದ ಒರಸ್ರಿ, ಸಾಕು. ಒಳಗ ಎಂಜಿನ್ನಿಗೆ ನೀರು ಹಾಕಾಕ ಹೋಗಬ್ಯಾಡ್ರಿ. ವಯಸ್ಸಾದ ಗಾಡಿ ಐತಿ, ಅದರ ಪಾಡಿಗೆ ಅದನ್ನ ಬಿಡ್ರಿ.”

ನಾನು ಬಾನೆಟ್ ಎತ್ತಿದೆ. ಒಳಗೆ ಎಣ್ಣೆ, ಮಣ್ಣು, ಮಸಿ! ವಿಜ್ಞಾನದ ಮಾಸ್ತರನಾದವನು ಅದನ್ನು ಕಂಡೂ ಸುಮ್ಮನಿರುವುದು ಹೇಗೆ? ಬಟ್ಟೆ ತೊಳೆಯುವ ಸೋಡಾ, ತೆಂಗಿನ ನಾರು, ಆರು ಕೊಡ ನೀರು ತರಿಸಿದೆ. ಸರೋಜಿನಿ ಬಾಗಿಲಲ್ಲಿ ನಿಂತು ನೋಡಿದಳು.

“ಏನ್ರೀ, ಕನ್ಯಾ ನೋಡಾಕ ಬರೋರು ಬಾನೆಟ್ ತಗದು ನೋಡ್ತಾರೇನು?”

“ಸ್ವಚ್ಛತಾ ಅಂದ್ರ ಏನಂತ ನಿನಗ ತಿಳಿಯಂಗಿಲ್ಲ ಬಿಡು,” ಎಂದೆ. ಮೂರು ಹೊತ್ತೂ ಮನೆ ಗುಡಿಸುವ ಹೆಂಗಸಿಗೆ ಈ ಮಾತು ಹೇಳಿಯೂ ನಾನು ಆ ರಾತ್ರಿ ಊಟ ಕಂಡೆ, ಅದು ಅವಳ ದೊಡ್ಡತನ.

ಕೊಳವೆ ಕಂಡಲ್ಲಿ ಕೊಳವೆ ತಿಕ್ಕಿದೆ, ತಂತಿ ಕಂಡಲ್ಲಿ ತಂತಿ ತಿಕ್ಕಿದೆ. ಎಂಜಿನ್ನು ಮದುಮಗನಂತೆ ಹೊಳೆಯಿತು. ಬೆಳಿಗ್ಗೆ ಕೀಲಿ ತಿರುವಿದರೆ ಒಂದೇ ಏಟಿಗೆ ಶುರುವಾಯಿತು. ನಾನು ಸರೋಜಿನಿಯ ಕಡೆ ನೋಡಿದೆ. ಅವಳು ಆಕಾಶದ ಕಡೆ ನೋಡಿದಳು.

ಎಂಟು ಗಂಟೆಗೆ ಹೊರಟೆವು. ಊರು ದಾಟುವ ಮೊದಲೇ ನನ್ನ ಕಣ್ಣು ಒಂದು ಚಿಕ್ಕ ಮೀಟರಿನ ಮೇಲೆ ಬಿತ್ತು. ಎಂಜಿನ್ನು ಎಷ್ಟು ಕಾದಿದೆ ಎಂದು ತೋರಿಸುವ ಮೀಟರು ಅದು. ಅದರ ಮುಳ್ಳು ಕೆಂಪು ಗೆರೆಯನ್ನು ದಾಟಿ ನಿಂತಿತ್ತು!

“ಇಳೀರಿ! ಎಲ್ಲಾರೂ ಇಳೀರಿ! ಎಂಜಿನ್ ಕುದಿಯಾಕತ್ತೈತಿ!”

ಕೀಲಿ ತೆಗೆದೆ. ಮುಳ್ಳು ಸರ್ರನೆ ಕೆಳಗಿಳಿಯಿತು. “ನೋಡಿದಿರೇನು, ಹೆಂಗ ಆರಿತು!” ಎಂದೆ. ಮಣಗಟ್ಟಲೆ ಕಬ್ಬಿಣ ಎರಡು ಕ್ಷಣದಲ್ಲಿ ಹೇಗೆ ಆರೀತು ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ಎಂಟನೇ ಇಯತ್ತೆಯ ಹುಡುಗ ನಗುತ್ತಿದ್ದ. ನಾನು ನಗಲಿಲ್ಲ, ನಂಬಿದೆ. ಹತ್ತು ನಿಮಿಷ ಕಾದು ಮತ್ತೆ ಕೀಲಿ ತಿರುವಿದೆ. ಮುಳ್ಳು ಮತ್ತೆ ಕೆಂಪಿಗೆ! ಮತ್ತೆ ಇಳಿದೆವು. ಹೀಗೆ ಹತ್ತುತ್ತ ಇಳಿಯುತ್ತ ತೊರವಿ ಮುಟ್ಟುವಷ್ಟರಲ್ಲಿ ಒಂಬತ್ತೂವರೆ.

“ಮಾಮಾ, ನಾ ಒಮ್ಮೆ ಮುಟ್ಟಿ ನೋಡ್ಲೇನು?” ಎಂದಳು ಕಮಲಾ.

“ಹತ್ತು ಹೆಜ್ಜಿ ದೂರ ನಿಲ್ಲು! ಮಾರಿಗೆ ಉಗಿ ಹೊಡದ್ರ ಬಬಲೇಶ್ವರದವರಿಗೆ ಏನ ತೋರಸೂನು?”

ತೊರವಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಶಿವಲಿಂಗಪ್ಪನವರ ಮನೆ ರಸ್ತೆಗೇ ಇತ್ತು. ಹೋಗಿ ಒಂದು ಕೊಡ ನೀರು ಕೇಳಿದೆ. ನಮ್ಮ ಕಡೆ ನೀರು ಕೇಳಿದವರಿಗೆ ಬರೀ ನೀರು ಕೊಟ್ಟು ಕಳಿಸುವ ಪದ್ಧತಿ ಇಲ್ಲ ಎಂಬುದು ನನಗೆ ಮರೆತೇ ಹೋಗಿತ್ತು. ಮೊದಲು ಬೆಲ್ಲ ಬಂತು. ಆಮೇಲೆ ಒಗ್ಗರಣೆ ಅವಲಕ್ಕಿ ಬಂತು. “ಮಾಸ್ತರ್ರು ಮನೀಗೆ ಬಂದಾರ, ಚಾ ಕುಡೀದ ಹೋದ್ರ ನಮ್ಮ ಮರ್ಯಾದಿ ಏನ ಉಳೀತು?” ಎಂದರು ಶಿವಲಿಂಗಪ್ಪನವರು. ಎಮ್ಮೆ ಇನ್ನೂ ಹಿಂಡಿರಲಿಲ್ಲ. ಎಮ್ಮೆಗೂ ಆ ದಿನ ಅವಸರವಿರಲಿಲ್ಲ.

ಅಷ್ಟರಲ್ಲಿ ಟಿಕೋಟಾದ ಬಸ್ಸಿನ ಸದ್ದು ಕೇಳಿತು. ಸರೋಜಿನಿ ಚಹಾದ ಬಟ್ಟಲು ಕೆಳಗಿಟ್ಟಳು, ತಂಗಿಯ ಕೈ ಹಿಡಿದಳು, ರಸ್ತೆಯ ನಡುವೆ ನಿಂತು ಬಸ್ಸು ನಿಲ್ಲಿಸಿದಳು.

“ನೀವು ಗಾಡಿ ಆರಿಸಿಕೋತ ಬರ್ರಿ,” ಎಂದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು.

ನನ್ನ ಘನತೆ ಧೂಳೆಬ್ಬಿಸಿಕೊಂಡು ಬಸ್ಸಿನಲ್ಲಿ ಹೋಯಿತು. ನಾನು ಮತ್ತು ಕಾರು ಉಳಿದೆವು. ಒಂದು ಕಿಲೋಮೀಟರು ಓಡಿಸುವುದು, ಕಾಲು ತಾಸು ಆರಿಸುವುದು, ಬಾವಿ ಕಂಡಲ್ಲಿ ನೀರು ಸೇದಿ ಸುರಿಯುವುದು. ಎತ್ತಿನ ಗಾಡಿಯವನೊಬ್ಬ ನನ್ನನ್ನು ಮೂರು ಸಲ ದಾಟಿ ಹೋದ. ಮೂರನೇ ಸಲ “ಹಗ್ಗಾ ಕೊಡ್ಲೇನ್ರಿ?” ಎಂದು ಕೇಳಿದ. ನಾನು ಕೇಳಿಸದವನಂತೆ ಮೋಡ ನೋಡಿದೆ.

ಟಿಕೋಟಾ ಮುಟ್ಟಿದಾಗ ಎರಡು ಗಂಟೆ. ಗಂಡಿನವರು ಹುಡುಗಿಯನ್ನು ನೋಡಿ ಹೊರಟುಹೋಗಿರುತ್ತಾರೆ ಎಂದು ಎಣಿಸಿದ್ದೆ. ಅಂಗಳದಲ್ಲಿ ಹತ್ತು ಜೊತೆ ಚಪ್ಪಲಿ! ಹುಡುಗನ ಅಜ್ಜಿ, ಅವರ ಮನೆಯ ಹಿರಿಯಳು, ಹಟ ಹಿಡಿದಿದ್ದಳಂತೆ: “ಹುಡುಗಿ ಛಲೋ ಅದಾಳ. ಖರೆ ದೊಡ್ಡ ಅಳಿಯನ್ನ ನೋಡದ ನಾ ಮಾತು ಕೊಡಂಗಿಲ್ಲ. ಅಳಿಯ ಹೆಂಗದಾನ ಅನ್ನೂದರ ಮ್ಯಾಲ ಮನಿ ತಿಳೀತೈತಿ.”

ಅಂದರೆ ಕಮಲಾಳ ಮದುವೆ ಈಗ ನಿಂತದ್ದು ನನ್ನ ಮೇಲೆ. ನಾನು ನಿಂತದ್ದು ಒದ್ದೆ ಧೋತರ, ಮಸಿ ಹತ್ತಿದ ಅಂಗಿಯಲ್ಲಿ. ಕಮಲಾ ಒಳಬಾಗಿಲ ಮರೆಯಿಂದ ನನ್ನನ್ನು ನೋಡಿದಳು. ಆ ಮುಖ ನೋಡಿ ನನಗೆ ನಿಜವಾಗಿಯೂ ಅಳು ಬಂತು.

ಆದರೆ ಮನೆಯವರು ಒಬ್ಬರೂ ಒಂದು ಮಾತೂ ಅನ್ನಲಿಲ್ಲ. ಅತ್ತೆ ಕಾಲಿಗೆ ನೀರು ಕೊಟ್ಟರು. ಸರೋಜಿನಿ ಮಜ್ಜಿಗೆ ತಂದಳು. ಬೀಗರಿಗೆ ಊಟಕ್ಕೆ ಬಡಿಸಿ ತಾವು ಮಾತ್ರ ಉಪವಾಸ ಕುಳಿತಿದ್ದ ಮಾವ, “ಅಳಿಯಂದ್ರ, ಸಾವಕಾಶ ಕೂಡ್ರಿ, ಬಿಸಲಾಗ ಬಂದೀರಿ,” ಎಂದರು.

ಅಜ್ಜಿ ಕೇಳಿದಳು: “ಏನಾಗಿತ್ತೋ ಯಪ್ಪಾ?”

ನಾನು ಗಂಟಲು ಸರಿಪಡಿಸಿಕೊಂಡು ಉಷ್ಣದ ಪಾಠ ಶುರುಮಾಡಿದೆ. ನೀರು, ಉಗಿ, ಒತ್ತಡ, ಲೋಹದ ಹಿಗ್ಗುವಿಕೆ, ಎಲ್ಲ ಅರ್ಧ ತಾಸಿನಲ್ಲಿ ಮುಗಿಸಿದೆ. ಅಜ್ಜಿ ಎದ್ದು ಕೋಲೂರಿಕೊಂಡು ಕಾರಿನ ಹತ್ತಿರ ಹೋದಳು, ಬಾನೆಟ್ ತೆಗೆಸಿದಳು, ನಾನು “ಅಯ್ಯೋ ಸುಡ್ತೈತಿ!” ಎನ್ನುವುದರೊಳಗೆ ಕೂಸಿನ ಹಣೆ ಮುಟ್ಟುವಂತೆ ಎಂಜಿನ್ನಿನ ಮೇಲೆ ಅಂಗೈ ಇಟ್ಟಳು.

“ಇದಕ್ಕ ಜ್ವರಾ ಇಲ್ಲೋ ತಮ್ಮಾ. ತಣ್ಣಗ ಐತಿ.”

ಹುಡುಗ ಬಗ್ಗಿ ನೋಡಿದ. ಮೀಟರಿಗೆ ಹೋಗುವ ತಂತಿಯ ಮೇಲಿನ ಹೊದಿಕೆ ತಿಕ್ಕಿ ತಿಕ್ಕಿ ಕಿತ್ತುಹೋಗಿ, ಬರಿ ತಂತಿ ಎಂಜಿನ್ನಿಗೆ ತಾಗಿತ್ತು. ಒಂದೇ ಬೆರಳಿನಿಂದ ಅದನ್ನು ಸರಿಸಿ ಕೀಲಿ ತಿರುವಿದ. ಎಂಜಿನ್ನು ಗುರ್ರೆಂದಿತು. ಮುಳ್ಳು ಕೆಳಗೆ ತೆಪ್ಪಗೆ ಮಲಗಿತ್ತು.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿ, ಮಾವನನ್ನು ಕೇಳಿದಳು: “ಇವ್ರು ಅಳಿಯ ಆಗಿ ಎಷ್ಟ ವರ್ಷಾತು?”

“ಹತ್ತಾತ್ರಿ.”

“ಹತ್ತು ವರ್ಷಾ!” ಅಜ್ಜಿ ತನ್ನವರ ಕಡೆ ತಿರುಗಿದಳು. “ನೋಡ್ರಿಲ್ಲೆ, ಹತ್ತು ವರ್ಷದಿಂದ ಇಂಥಾ ಅಳಿಯನ್ನ ಕಟಿಗೊಂಡೂ ಈ ಮನ್ಯಾಗ ಒಬ್ಬರೂ ಮಾರಿ ಗಂಟ ಹಾಕಿಲ್ಲ. ಉಪಾಸ ಕುಂತು ಕಾದಾರ, ಬಂದ ಕೂಡ್ಲೆ ಮಜ್ಜಗಿ ಕೊಟ್ಟಾರ. ಇಂಥಾ ಮನಿ ಹುಡುಗಿ ನಮ್ಮನಿಗೆ ಬಂದ್ರ ಎಂಥಾದನ್ನೂ ಸಂಭಾಳಸ್ತಾಳ. ಸಕ್ಕರಿ ತರ್ರಿ!”

ಸಕ್ಕರೆ ಹಂಚಿದರು. ಕಮಲಾ ಒಳಗೆ ನಕ್ಕದ್ದು ಹೊರಗೆ ಕೇಳಿತು.

ಇಂದಿಗೂ ಆ ಸಂಬಂಧ ಯಾರಿಂದ ಕೂಡಿಬಂತು ಎಂದು ಕೇಳಿದರೆ ಮಾವನ ಮನೆಯವರೆಲ್ಲ ಒಮ್ಮೆಲೇ ನನ್ನ ಕಡೆ ಬೆರಳು ತೋರಿಸುತ್ತಾರೆ. ನಾನು ಎದೆಯುಬ್ಬಿಸಿ ಕೂರುತ್ತೇನೆ. ಹೇಗೆ ಎಂದು ಮಾತ್ರ ಯಾರೂ ಕೇಳದಿರಲಪ್ಪಾ ಎಂದು ದೇವರಲ್ಲಿ ಬೇಡಿಕೊಳ್ಳುತ್ತೇನೆ. ಕೇಳೇ ಕೇಳುತ್ತಾರೆ!