ಸಾಲಿಗ್ರಾಮವೂ ನನ್ನ ಬೇಸಿಗೆ ರಜೆಯೂ

ದೇವರಿಗೆ ಸ್ವಲ್ಪ ಟೈಮ್ ಕೊಡೋಣ ಅಂತ ನಾನು ಚಕ್ಕಳಮಕ್ಕಳ ಹಾಕಿ ಕೂತರೆ ಸಾಕು, ಏನಾದರೊಂದು ಎಡವಟ್ಟು ನಮ್ಮ ಮನೆ ಹುಡುಕಿಕೊಂಡು ಬರುತ್ತದೆ. ತೊಂಬತ್ತರ ದಶಕದ ಒಂದು ಬೇಸಿಗೆಯಂತೂ ಪೂರ್ತಿ ಹೀಗೇ ಕಳೆಯಿತು.

ನಾನು ಹೈಸ್ಕೂಲ್ ಮೇಷ್ಟ್ರು. ಬಸವನಗುಡಿಯ ವಠಾರದಲ್ಲಿ ಮನೆ. ತಾತನ ಕಾಲದ ಸಾಲಿಗ್ರಾಮಕ್ಕೆ ಅಪ್ಪ ಹೋದ ಮೇಲೆ ದೊಡ್ಡಪ್ಪ ದಿನಾ ಬಂದು ಪೂಜೆ ಮಾಡುತ್ತಿದ್ದರು. ಅವರಿಗೆ ಮಂಡಿನೋವು ಶುರುವಾಯಿತು. ಹೆಂಗಸರು ಅದನ್ನು ಮುಟ್ಟುವ ಹಾಗಿಲ್ಲ, ಪೂಜೆ ಇಲ್ಲದೆ ಮನೆಯಲ್ಲಿ ಇಡುವ ಹಾಗೂ ಇಲ್ಲ. ಅಮ್ಮ ಕಡ್ಡಿ ಮುರಿದಂತೆ ಹೇಳಿದಳು: "ಸ್ಕೂಲಿದ್ದಾಗ ಟೈಮಿಲ್ಲ ಅಂದೆ. ಈಗ ರಜ. ನೆಟ್ಟಗೆ ಕೂತು ಮಾಡು. ಆಗಲ್ಲ ಅಂದ್ರೆ ಮಠಕ್ಕೆ ಕೊಟ್ಟುಬಿಡ್ತೀನಿ." ಹೇಳಿದವಳು ದೇವರ ಕೋಣೆಯ ಹೊಸ್ತಿಲಲ್ಲೇ ಕೂತುಬಿಟ್ಟಳು. ಹಾಗಾಗಿ ಒಪ್ಪಿಕೊಂಡೆ.

೧. ತುಟಿಯ ಮಹಿಮೆ

ಪೂಜೆಗೆ ಮುಂಚೆ ಜಪ. ಜಪದಲ್ಲಿ ಮಾತಾಡುವಂತಿಲ್ಲ. ನಾನು ಕಣ್ಣು ಮುಚ್ಚಿದ್ದೇ ತಡ, ಹೆಂಡತಿ ಕೂಗಿದಳು: "ರೀ, ನೀರು ಬಂತು!" ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ. ಒದ್ದೆ ಪಂಚೆಯಲ್ಲೇ ಬಿಂದಿಗೆ ಹಿಡಿದು ಓಡಿದೆ. ಜಪ ಬಿಡಬಾರದಲ್ಲ, ತುಟಿ ಅಲ್ಲಾಡುತ್ತಲೇ ಇತ್ತು.

ಮುಂದೆ ನಿಂತಿದ್ದ ಪಕ್ಕದ ಮನೆಯಾಕೆ ತಿರುಗಿ ನೋಡಿದರು. "ಏನ್ರೀ ಮೇಷ್ಟ್ರೇ, ನನ್ನ ಬಯ್ತಿದೀರಾ?"

ಅಲ್ಲ ಅಂತ ತಲೆ ಆಡಿಸಿ, ಕಣ್ಣು ಮುಚ್ಚಿ, ಇನ್ನೂ ಜೋರಾಗಿ ಗೊಣಗಿದೆ. ಆಕೆ ತಮ್ಮ ಕೊಡ ಎತ್ತಿಕೊಂಡು ಪಕ್ಕಕ್ಕೆ ಸರಿದರು. "ಮೊದಲು ನೀವೇ ಹಿಡ್ಕೊಳ್ಳಿಪ್ಪಾ! ಈ ಬಿಸಿಲಲ್ಲಿ ಶಾಪ ಬೇರೆ ಯಾಕೆ?"

ಆಮೇಲೆ ಎಷ್ಟೋ ದಿನ ಜಪ ಮರೆತೆ. ನಲ್ಲಿಯ ಹತ್ತಿರ ತುಟಿ ಅಲ್ಲಾಡಿಸುವುದನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ.

೨. ಯಾರಿಗೆ ಸೆಕೆ

ದೇವರ ಕೋಣೆಗೆ ಕಿಟಕಿ ಇಲ್ಲ. ಫ್ಯಾನ್ ಹಾಕಿದರೆ ದೀಪ ಆರುತ್ತದೆ.

"ನಿಮ್ಮಪ್ಪ ಒಂದು ಹನಿ ಬೆವರದೆ ಮಾಡ್ತಿದ್ರು" ಎಂದಳು ಅಮ್ಮ.

"ಆಗ ಬೆಂಗಳೂರಿಗೆ ಬೇಸಿಗೇನೇ ಬರ್ತಿರ್ಲಿಲ್ಲಮ್ಮ."

ಪುಣ್ಯಕ್ಕೆ ಪೂಜೆಯಲ್ಲಿ ಚಾಮರ ಸೇವೆ ಅಂತ ಒಂದಿದೆ. ದೇವರಿಗೆ ಒಂದು ಬೀಸು, ನನಗೆ ನಾಲ್ಕು. ದೇವರಿಗೊಂದು, ನನಗೆ ನಾಲ್ಕು. ಒಳ್ಳೆ ಗಾಳಿ ಬರುತ್ತಿತ್ತು.

ಅಡುಗೆಮನೆಯಿಂದ ಅಮ್ಮ: "ಏನೋ ಅದು, ಚಾಮರ ಮುಗೀತಾನೇ ಇಲ್ಲ?"

"ದೇವರಿಗೆ ಸಿಕ್ಕಾಪಟ್ಟೆ ಸೆಕೆ ಅಮ್ಮಾ!"

೩. ಗಂಟೆ

ಅಮ್ಮ ಒಲೆ ಮುಂದೆ ನಿಂತೇ ನನ್ನ ಪೂಜೆಯನ್ನು ಗಂಟೆಯ ಸದ್ದಿನಲ್ಲಿ ಅಳೆಯುತ್ತಿದ್ದಳು. ಇದು ಧೂಪದ ಗಂಟೆ, ಇದು ನೈವೇದ್ಯದ್ದು, ಇದು ಮಂಗಳಾರತಿಯದು. ನೈವೇದ್ಯದ ಗಂಟೆ ಆಗದೆ ಯಾರ ತಟ್ಟೆಗೂ ಅನ್ನ ಬೀಳುವುದಿಲ್ಲ.

ಅವತ್ತು ಎದುರುಮನೆಯಲ್ಲಿ ಟಿ.ವಿ. ಜೋರಾಗಿತ್ತು, ಕ್ರಿಕೆಟ್. ನನ್ನ ಕಣ್ಣು ದೇವರ ಮೇಲೆ, ಕಿವಿ ಬೀದಿಯಾಚೆ. ಹೋ ಅಂತ ಕೂಗು ಎದ್ದಿತು. ನನ್ನ ಕೈಲಿದ್ದ ಗಂಟೆಯೂ ಸಂಭ್ರಮದಿಂದ ಮೊಳಗಿಬಿಟ್ಟಿತು.

"ನೈವೇದ್ಯ ಆಯ್ತೇನೋ? ಎಲ್ಲರಿಗೂ ಬಡಿಸಿಬಿಟ್ಟೆ!"

"ಇಲ್ಲಮ್ಮ... ಸಿಕ್ಸರ್ ಆಯ್ತು."

ಮುಂದಿನ ಬಾಲಿಗೆ ವಿಕೆಟ್ ಬಿತ್ತು. "ಅಯ್ಯೋ ದೇವರೇ!" ಅಂದೆ. ಆ ಬೇಸಿಗೆಯಲ್ಲಿ ನಾನು ಮನಸ್ಸಿಟ್ಟು ದೇವರನ್ನು ಕರೆದದ್ದು ಅದೊಂದೇ ಸಲ. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

೪. ಮಠದಲ್ಲಿ

ಮಾರನೆಯ ಬೆಳಗ್ಗೆ ಚಾಮರಾಜಪೇಟೆಯ ಕಡೆ ಆಟೋ. ಸಾಲಿಗ್ರಾಮದ ಸಂಪುಟ ನನ್ನ ತೊಡೆಯ ಮೇಲೆ. ಅಮ್ಮ ದಾರಿಯುದ್ದಕ್ಕೂ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಇನ್ನು ನಾನು ಹತ್ತು ಗಂಟೆಯವರೆಗೆ ಮಲಗಬಹುದು. ಖುಷಿಯಾಗಬೇಕಿತ್ತು. ಯಾಕೋ ಆಗಲಿಲ್ಲ. ಎರಡು ಸಲ ಆಟೋದವನಿಗೆ ತಪ್ಪು ದಾರಿ ಹೇಳಿದೆ.

ಮಠದ ಅರ್ಚಕರು ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಹೊಸ್ತಿಲ ಮೇಲೆ ಇಟ್ಟು ನಿಂತಿದ್ದರು. "ಆ ತಟ್ಟೇಲಿ ಇಟ್ಟು ಹೋಗಿ ತಾಯಿ. ಈ ಥರ ಬಂದವು ಬೇಕಾದಷ್ಟಿವೆ."

ತಟ್ಟೆಯಲ್ಲಿ ಸಾಲಿಗ್ರಾಮಗಳು ರಾಶಿ ಬಿದ್ದಿದ್ದವು. ಅಮ್ಮ ಬಗ್ಗಿ ನೋಡಿದಳು. "ಪೂಜೆ ಹೇಗೆ ಮಾಡ್ತೀರಿ?"

"ಎಲ್ಲಕ್ಕೂ ಒಟ್ಟಿಗೇ ನೀರು, ಒಟ್ಟಿಗೇ ತುಳಸಿ. ಐದು ನಿಮಿಷದಲ್ಲಿ ಮುಗಿದುಹೋಗುತ್ತೆ. ಬೇಗ ಇಡಿ ತಾಯಿ, ಮದುವೆ ಸೀಸನ್ನು, ಮುಹೂರ್ತ ಮೀರುತ್ತೆ."

ನಾನು ಸಂಪುಟದ ಮುಚ್ಚಳ ತೆಗೆಯುತ್ತಿದ್ದೆ. ಅಮ್ಮ ಗದರಿದಳು: "ಮುಚ್ಚೋ ಅದನ್ನ! ನಡಿ ಮನೆಗೆ."

"ಯಾಕೆ ತಾಯಿ, ಏನಾಯ್ತು?" ಅರ್ಚಕರು ಗಾಬರಿಯಾದರು.

"ಹೀಗೆ ಕಾಟಾಚಾರಕ್ಕೆ ಪೂಜೆ ಮಾಡಿಸೋಕೆ ಆಟೋ ಮಾಡ್ಕೊಂಡು ಇಲ್ಲಿವರೆಗೂ ಯಾಕೆ ಬರ್ಬೇಕು ಸ್ವಾಮಿ? ನಿಮ್ಮನ್ನೂ ಮೀರಿಸೋನೊಬ್ಬನ್ನ ನಾನೇ ಹೆತ್ತಿದೀನಿ!"