ಮೂರು ಬೆರಳು ಕಡಿಮೆ

ರಗಳೆಯೆಲ್ಲ ಶುರುವಾದದ್ದು ಫೋನಿನಲ್ಲಿ ಬಂದ ಒಂದು ಪುಟ್ಟ ಪ್ರಶ್ನೆಯಿಂದ.

“ನಾಳೆ ಬರ್ತಿದೀರಲ್ಲ, ನಿಮ್ಮ ಚಿಕ್ಕವನು ನೂರಾಹತ್ತು ಸೆಂಟಿಮೀಟರ್ ಇದಾನೆ ತಾನೇ?” ಎಂದು ಆಟದ ಪಾರ್ಕಿನ ಮ್ಯಾನೇಜರ್ ಕೇಳಿದ. “ಅಷ್ಟಿಲ್ದಿದ್ರೆ ಗುಡುಗು ರೈಲಿಗೆ ಹತ್ತಿಸಲ್ಲ ನೋಡಿ. ಬಾಗಿಲಲ್ಲೇ ಗೆರೆ ಎಳೆದಿದೀವಿ. ಅಪ್ಪ ಅಮ್ಮ ಜೊತೆಗಿದ್ರೂ ಅಷ್ಟೇ.”

“ಇರ್ತಾನೆ ಬಿಡಿ ಸಾರ್. ಬಟ್ಟೆ ಮೂಟೆ ಬಂತಾ?”

“ಬಂತು ಬಂತು. ನಾಳೆ ಬೆಳಿಗ್ಗೆ ಬಿಚ್ಚಿ ಎಲ್ರಿಗೂ ಹಂಚ್ತೀವಿ. ಬನ್ನಿ, ಕಣ್ಣಾರೆ ನೋಡೋರಂತೆ.”

ಹೀಗೆ ‘ಇರ್ತಾನೆ ಬಿಡಿ’ ಎಂದು ಫೋನ್ ಇಟ್ಟವನು ನಮ್ಮ ನಾಳೆ ಟೈಲರ್. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಯಾರು ಬಂದು ಅಂಗಿ ಕೇಳಿದರೂ ಬಾಯಲ್ಲಿ ಕಚ್ಚಿದ ಗುಂಡುಸೂಜಿಗಳ ಸಂದಿಯಿಂದ “ನಾಳೆ ಬನ್ನಿ” ಎನ್ನುತ್ತಿದ್ದುದರಿಂದ ಬೀದಿಯವರು ಅದನ್ನೇ ಅವನ ಹೆಸರು ಮಾಡಿಬಿಟ್ಟಿದ್ದರು. ಕೆಟ್ಟವನಲ್ಲ, ಪಾಪ. ಬಟ್ಟೆ ತಡವಾಗುತ್ತಿತ್ತೇ ಹೊರತು ಅಳತೆ ಎಂದೂ ತಪ್ಪುತ್ತಿರಲಿಲ್ಲ. ಅಪ್ಪನ ಕಾಲದ ಬಟ್ಟೆಯ ಟೇಪು ಹಗಲೆಲ್ಲ ಅವನ ಕೊರಳಲ್ಲೇ ಇರುತ್ತಿತ್ತು.

ಮನೆಯವರಿಗೂ ಅವನು ಕೊಡುತ್ತಿದ್ದುದು ಅದೇ ನಾಳೆ. ಊರಾಚೆಯ ಪಾರ್ಕಿಗೆ ಕರೆದುಕೊಂಡು ಹೋಗು ಎಂದು ಇಬ್ಬರು ಮಕ್ಕಳೂ ವರ್ಷದಿಂದ ಅವನ ಜೀವ ತಿಂದಿದ್ದರು. ಮಗಳು ದೊಡ್ಡವಳು, ಹೇಗೋ ತಡೆದುಕೊಂಡಳು. ಐದು ವರ್ಷದ ಮಗ ಮಾತ್ರ ಬಿಡುವ ಪೈಕಿಯಲ್ಲ. ಗುಂಡಿಯ ಹಾಗೆ ಪುಟ್ಟಗೆ ದುಂಡಗೆ ಇದ್ದುದರಿಂದ ಅವನನ್ನು ಬಟನ್ ಎಂದೇ ಎಲ್ಲರೂ ಕರೆಯುವುದು. ಅಪ್ಪ ಊಟಕ್ಕೆ ಎದ್ದರೆ ಸಾಕು, ಟೇಪು ಕಿತ್ತುಕೊಂಡು ಅಕ್ಕನ ಸೊಂಟಕ್ಕೆ ಕಟ್ಟಿ, ತಾನು ಹಿಂದಿನ ಡಬ್ಬಿಯಾಗಿ, ಹೊಲಿಗೆ ಯಂತ್ರದ ಸುತ್ತ ಗುಡುಗು ರೈಲು ಬಿಡುತ್ತಿದ್ದ.

ಅಂತೂ ಕಾಲ ಕೂಡಿ ಬಂತು. ಪಾರ್ಕಿನ ಕೆಲಸಗಾರರಿಗೆಲ್ಲ ಹೊಸ ನೀಲಿ ಸಮವಸ್ತ್ರ ಹೊಲಿಯುವ ಕೆಲಸ ಟೈಲರಿಗೆ ಸಿಕ್ಕಿತು. ಅಷ್ಟು ಜನರನ್ನು ಅಂಗಡಿಗೆ ಕರೆತರುವುದು ಯಾರು? ಮ್ಯಾನೇಜರ್ ಅಲ್ಲಿಯೇ ಎಲ್ಲರ ಅಳತೆ ತೆಗೆಸಿ ಫೋನಿನಲ್ಲಿ ಹೇಳಿದ, ಇವನು ಇಲ್ಲಿ ಕತ್ತರಿಸಿ ಹೊಲಿದ. ಜನ್ಮದಲ್ಲಿ ಮೊದಲ ಸಲ ಹೇಳಿದ ದಿನಕ್ಕೆ ಕೆಲಸ ಮುಗಿಸಿದ. ಮ್ಯಾನೇಜರ್ ಖುಷಿಯಾಗಿ ಮನೆಮಂದಿಗೆಲ್ಲ ಪಾಸು ಕೊಟ್ಟ. ಬಟನ್ ಆ ಸುದ್ದಿಯನ್ನು ಶಾಲೆಯಲ್ಲಿ ಗೋಡೆ ಗೋಡೆಗೂ ಹೇಳಿ ಬಂದ. ಸಾಲಿನಲ್ಲಿ ಯಾವಾಗಲೂ ಎಲ್ಲರಿಗಿಂತ ಮುಂದೆ ನಿಲ್ಲುವ ಗಿಡ್ಡ ಹುಡುಗ ಗುಡುಗು ರೈಲು ಹತ್ತುತ್ತಾನಂತೆ!

ಫೋನ್ ಇಟ್ಟ ಟೈಲರ್ ಸುಮ್ಮನೆ, ಒಂದು ಸಮಾಧಾನಕ್ಕೆ, ಮಗನನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದ. ಹಿಡಿದವನ ಮುಖ ಇಂಗು ತಿಂದ ಮಂಗನಂತಾಯಿತು. ಮತ್ತೆ ಹಿಡಿದ. ಊಹೂಂ. ನೂರಾಹತ್ತಕ್ಕೆ ಮೂರು ಬೆರಳು ಕಡಿಮೆ!

“ಅಪ್ಪಾ, ನಾನು ಬೆಳೆದಿದೀನಾ?” ಎಂದು ಬಟನ್ ಕತ್ತೆತ್ತಿ ಕೇಳಿದ.

ಟೈಲರಿಗೆ ಅಭ್ಯಾಸಬಲದಿಂದ ‘ನಾಳೆ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಅಂಗಡಿಗೂ ಮನೆಗೂ ನಡುವಿನ ಪರದೆಯ ಆಚೆಯಿಂದ ಎಲ್ಲ ನೋಡುತ್ತಿದ್ದ ಹೆಂಡತಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ನೋಡಿ, ವರ್ಷದಿಂದ ಆ ಮಗು ಬೇರೇನೂ ಕೇಳಿಲ್ಲ. ಅಷ್ಟು ಜನರ ಮುಂದೆ ಅವನನ್ನ ಬಾಗಿಲಿಂದ ವಾಪಸ್ ಕಳಿಸಿದ್ರೆ ನಾನಂತೂ ಸಮಾಧಾನ ಮಾಡೋಳಲ್ಲ. ನೀವುಂಟು, ನಿಮ್ಮ ಮಗ ಉಂಟು.”

ಟೈಲರ್ ಮೂರನೇ ಸಲ ಟೇಪು ಹಿಡಿದ. ಮಗ ಅತ್ತರೆ ಅವನಿಗೆ ತಡೆಯುವುದಕ್ಕಾಗುತ್ತಿರಲಿಲ್ಲ.

ಅಷ್ಟರಲ್ಲಿ ಎದುರಿನ ಅಂಗಡಿಯ ಬಡಗಿ ಬಂದ. ಕರೆಯದೆ ಬರುವುದು ಅವನ ಸ್ವಭಾವ. “ನೆಲ ಡೊಂಕಿರ್ಬೇಕು, ಅದಕ್ಕೇ ಕಡಿಮೆ ಬಂದಿದೆ,” ಎಂದು ಟೈಲರ್ ಗೊಣಗಿದ.

“ಕುಣೀಲಾರದವಳು ಹಂಗೇ ಅಂದಿದ್ದು. ಸರಿ, ಈ ಕಡೆ ನಿಲ್ಲೋ ಬಟನ್,” ಎಂದು ಬಡಗಿ ಸೊಂಟದಿಂದ ಸ್ಟೀಲ್ ಟೇಪು ತೆಗೆದು ಸರ್ರನೆ ಎಳೆದ. “ನೂರಾಹತ್ತು. ಕೂದಲೆಳೆ ಜಾಸ್ತೀನೇ ಇದೆ. ಅಷ್ಟಕ್ಕೆ ಯಾಕ್ರೀ ಸಾವಿನ ಮನೆ ಹಂಗೆ ಕೂತಿದೀರಾ?”

ಟೈಲರ್ ಸಂತೋಷಪಡಬೇಕಿತ್ತು. ಬದಲಿಗೆ ಕೆರಳಿದ. “ಅಂದ್ರೆ ನನ್ನ ಟೇಪು ಸುಳ್ಳು ಅಂತೀಯಾ? ಮರದ ಹಲಗೆ ಅಳೆಯೋದ್ರಲ್ಲಿ ಹಾಲುಗಲ್ಲದ ಮಗು ಅಳೀತೀಯಲ್ಲ, ಬುದ್ಧಿ ಇದೆಯೇನಯ್ಯಾ ನಿಂಗೆ?”

“ಸೆಂಟಿಮೀಟರ್ ಅಂದ್ರೆ ಸೆಂಟಿಮೀಟರೇ ಕಣಯ್ಯ. ಮರಕ್ಕೊಂದು, ಮನುಷ್ಯರಿಗೊಂದು ಇರುತ್ತಾ?”

ಜಗಳ ಎಂದರೆ ಬೀದಿಗೆ ಸಕ್ಕರೆ. ಕ್ಷೌರದಂಗಡಿಯವನು ಕೈಯಲ್ಲಿ ಬಾಚಣಿಗೆ ಸಮೇತ ಓಡಿಬಂದ. ನಿವೃತ್ತ ಹೆಡ್‌ಮೇಷ್ಟ್ರು ಕೋಲೂರಿಕೊಂಡು ಬಂದು, ಯಾರೂ ಹೇಳದೆಯೇ ನ್ಯಾಯಾಧೀಶರ ಹಾಗೆ ಸ್ಟೂಲಿನ ಮೇಲೆ ಕುಳಿತರು. ಇಬ್ಬರ ವಾದವನ್ನೂ ಕೇಳಿ, ಕನ್ನಡಕ ಒರೆಸಿಕೊಂಡು, ಅಂಗಡಿಯಲ್ಲಿ ನೆರೆದವರನ್ನು ಕೇಳಿದರು:

“ನಮ್ಮ ಬೀದೀಲಿ ಯಾರದಾದ್ರೂ ಅಂಗಿ ಅಳತೆ ತಪ್ಪಿದ್ದುಂಟೇ?”

ಎಲ್ಲರೂ ತಮ್ಮ ತಮ್ಮ ಅಂಗಿ ನೋಡಿಕೊಂಡರು. ತೋಳು ಎಳೆದು ನೋಡಿದರು, ಕೊರಳಲ್ಲಿ ಬೆರಳು ಆಡಿಸಿದರು. ಒಂದೂ ತಪ್ಪಿರಲಿಲ್ಲ. ಪಾಪ, ಬಡಗಿಯ ಅಂಗಿಯೂ ಅವನ ಮೈಗೆ ಎರಕ ಹೊಯ್ದ ಹಾಗೆ ಕೂತಿತ್ತು.

“ಇನ್ನು ಬಡಗಿ ಮಾಡಿದ ಬಾಗಿಲು?”

“ನಮ್ಮನೇದು ಮಳೆಗಾಲದಲ್ಲಿ ಮುಚ್ಚಲ್ಲ!” ಎಂದ ಕ್ಷೌರದವನು.

“ನಮ್ಮದೂ!” ಎಂದಳು ಟೈಲರನ ಹೆಂಡತಿ.

“ಅಲ್ಲಿಗೆ ತೀರ್ಮಾನವಾಯ್ತಲ್ಲ,” ಎಂದರು ಹೆಡ್‌ಮೇಷ್ಟ್ರು. “ಟೈಲರ್ ಟೇಪೇ ಸರಿ. ಮಗು ಗಿಡ್ಡ.”

“ಮರ ನೀರು ಕುಡಿದು ಉಬ್ಬಿದ್ರೆ ನಾನೇನ್ ಮಾಡ್ಲಿ ಸ್ವಾಮಿ!” ಎಂದು ಬಡಗಿ ಬಡಕೊಂಡ. ಯಾರೂ ಕೇಳಲಿಲ್ಲ. ಅವನು ತನ್ನ ಸ್ಟೀಲ್ ಟೇಪನ್ನೇ ಅನುಮಾನದಿಂದ ನೋಡುತ್ತ ರಸ್ತೆ ದಾಟಿ ಹೋದ. ಆಮೇಲೆ ಸಂಜೆಯವರೆಗೂ ಅವನ ಅಂಗಡಿಯಲ್ಲಿ ಗರಗಸದ ಸದ್ದೇ ಕೇಳಲಿಲ್ಲ.

ಗೆದ್ದ ಟೈಲರಿಗೆ ಗೆದ್ದ ಮೇಲೆಯೇ ಅರಿವಾದದ್ದು, ತನ್ನ ಮಾನ ಉಳಿಯಿತು, ಮಗನ ಮೂರು ಬೆರಳು ಹೋಯಿತು ಎಂದು. ತಲೆ ಮೊಸರುಗಡಿಗೆಯಾಯಿತು. “ಈಗೇನ್ ಮಾಡೋದು ಮೇಷ್ಟ್ರೇ?”

ಸಲಹೆಗೆ ಬರವೇ? ಕ್ಷೌರದವನು ಬಟನ್‌ನ ಕೂದಲನ್ನೆಲ್ಲ ಮೇಲಕ್ಕೆತ್ತಿ, ಅದೇನೋ ಅಂಟು ಬಳಿದು, ಕೋಳಿಯ ಜುಟ್ಟಿನಂತೆ ನಿಲ್ಲಿಸಿದ. “ಒಂದು ಬೆರಳು ಬಂತು!” ಟೈಲರ್ ಕೋಟಿನ ಭುಜಕ್ಕೆ ಇಡುವ ಮೆತ್ತೆಗಳನ್ನು ತೆಗೆದು ಮಗನ ಬೂಟಿನೊಳಗೆ ತುರುಕಿದ. “ಇನ್ನೊಂದು!” ಬಟನ್ ಎರಡು ಹೆಜ್ಜೆ ಇಟ್ಟು, ಓಲಾಡಿ, ಅಕ್ಕನ ಮೇಲೆ ಬಿದ್ದ.

“ಮೂರನೇದಕ್ಕೆ ವಿಜ್ಞಾನ ಇದೆ,” ಎಂದರು ಹೆಡ್‌ಮೇಷ್ಟ್ರು. “ಮಲಗಿ ಎದ್ದಾಗ ಮನುಷ್ಯ ಉದ್ದ ಇರ್ತಾನೆ. ನಿಂತು ನಡೆದ ಹಾಗೆಲ್ಲ ಬೆನ್ನುಮೂಳೆ ಕುಗ್ಗುತ್ತೆ. ನಾಳೆ ಬೆಳಿಗ್ಗೆ ಅವನನ್ನ ನಿಲ್ಲಿಸಲೇಬೇಡಿ. ಮಲಗಿದ ಹಾಗೇ ಎತ್ಕೊಂಡು ಹೋಗಿ, ಗೆರೆ ಹತ್ರಾನೇ ಇಳಿಸಿ.”

ಹೆಂಡತಿ ಹಣೆ ಚಚ್ಚಿಕೊಂಡಳು. ಆದರೆ ಬೇರೆ ದಾರಿ ಅವಳಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕಂಡ ದೃಶ್ಯ ಇದು: ಉದ್ದನೆಯ ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ, ಅಕ್ಕ. ಮೂವರ ತೊಡೆಯ ಮೇಲೆ ಅಡ್ಡಡ್ಡ, ಹೊಸ ಬೂಟು ತೊಟ್ಟು ಕಣ್ಣು ಪಿಳಿಪಿಳಿ ಬಿಡುತ್ತ ಬಟನ್. ಬಸ್ ಜನ ಎಲ್ಲ ತಿರುಗಿ ತಿರುಗಿ ನೋಡಿದರು.

“ಏನಾಗಿದೆ ಮಗೂಗೆ?” ಎಂದು ಮುಂದಿನ ಸೀಟಿನ ಅಜ್ಜಿ ಕನಿಕರದಿಂದ ಕೇಳಿದಳು.

“ಏನಿಲ್ಲ ಅಜ್ಜಿ,” ಎಂದ ಬಟನ್. “ಎದ್ದು ನಿಂತ್ರೆ ನಾನು ಚಿಕ್ಕೋನಾಗ್ಬಿಡ್ತೀನಿ.”

ಅಜ್ಜಿ ಎದ್ದು ಡ್ರೈವರ್ ಪಕ್ಕದ ಸೀಟಿಗೆ ಹೋದಳು. ಕಂಡಕ್ಟರ್ ಹತ್ತಿರ ಬಂದು, “ಆಸ್ಪತ್ರೆ ಹತ್ರ ನಿಲ್ಲಿಸ್ಲಾ ಸಾರ್?” ಎಂದ.

“ಬೇಡಪ್ಪಾ, ಆಟದ ಪಾರ್ಕಿಗೆ,” ಎಂದ ಟೈಲರ್. ಕಂಡಕ್ಟರ್ ಮಗುವನ್ನು ಒಮ್ಮೆ, ತಂದೆಯನ್ನು ಒಮ್ಮೆ ನೋಡಿ, ಕೊನೆಯವರೆಗೂ ಅತ್ತ ಸುಳಿಯಲಿಲ್ಲ.

ಪಾರ್ಕಿನ ಹೆಬ್ಬಾಗಿಲಲ್ಲಿ ನೀಲಿ ಸಮವಸ್ತ್ರ ಕಂಡೊಡನೆ ಟೈಲರಿಗೆ ಎದೆಯುಬ್ಬಿತು. “ನೋಡೇ, ನನ್ನ ಹೊಲಿಗೆ!” ಎಂದ ಹೆಂಡತಿಗೆ. ಹತ್ತಿರ ಹೋದಾಗ ಉಬ್ಬಿದ ಎದೆ ಸ್ವಲ್ಪ ಇಳಿಯಿತು. ಪಾಸು ನೋಡುವವನ ಕೈಗಳೇ ಕಾಣುತ್ತಿರಲಿಲ್ಲ, ತೋಳಿನೊಳಗೆ ಮುಳುಗಿದ್ದವು. ಇವನು ದೊಡ್ಡಾಳೊಬ್ಬನ ಅಂಗಿ ಹಾಕಿಕೊಂಡಿರಬೇಕು ಎಂದುಕೊಂಡ. ಮುಂದೆ ಕಸ ಗುಡಿಸುತ್ತಿದ್ದವಳು ಪ್ಯಾಂಟಿನ ತುದಿಯನ್ನು ಮಡಚಿ ಮಡಚಿ ಇಟ್ಟಿದ್ದಳು. ಬಲೂನಿನವನು ತನ್ನ ಪ್ಯಾಂಟನ್ನೇ ತುಳಿದು ಮುಗ್ಗರಿಸಿದ, ಬಲೂನುಗಳೆಲ್ಲ ಆಕಾಶ ಸೇರಿದವು.

“ಎಲ್ರೂ ಬಟ್ಟೆ ಅದಲುಬದಲು ಮಾಡ್ಕೊಂಡಿದಾರೆ ಕಣೇ,” ಎಂದ ಟೈಲರ್.

“ಹಂಗಾದ್ರೆ ಒಬ್ಬರಿಗಾದ್ರೂ ಗಿಡ್ಡ ಆಗ್ಬೇಕಿತ್ತಲ್ಲ?” ಎಂದಳು ಹೆಂಡತಿ.

ಅಷ್ಟರಲ್ಲಿ ಗುಡುಗು ರೈಲಿನ ಬಾಗಿಲು ಬಂದುಬಿಟ್ಟಿತು. ಅಲ್ಲಿ ಹಲಗೆ, ಹಲಗೆಯ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ತೋಳು ಜೋತಾಡುವ ಕಾವಲುಗಾರ. ಟೈಲರ್ ಮಗನನ್ನು ದೇವರ ಹಾಗೆ ಮೆಲ್ಲಗೆ ಇಳಿಸಿದ.

“ಬೂಟು ಬಿಚ್ಚಿ,” ಎಂದ ಕಾವಲುಗಾರ.

ಬೂಟು ಬಿಚ್ಚಿದರು. ಭುಜದ ಮೆತ್ತೆಗಳು ಒಂದೊಂದಾಗಿ ಹೊರಬಿದ್ದವು. ಸಾಲಿನಲ್ಲಿದ್ದ ಮಕ್ಕಳು ಕಿಸಕ್ಕೆಂದರು. ಕಾವಲುಗಾರ ಕೋಳಿಜುಟ್ಟಿನ ಮೇಲೆ ಅಂಗೈ ಇಟ್ಟು ಚಪ್ಪಟೆಯಾಗಿ ಒತ್ತಿದ. ಬಟನ್ ತುಟಿ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ನಿಂತ. ಅಪ್ಪನ ಕಡೆ ನೋಡಿದ. ಆ ನೋಟ ತಾಳಲಾರದೆ ಟೈಲರ್ ಕಣ್ಣು ಮುಚ್ಚಿದ.

“ಸರಿಯಾಗಿದಾನೆ. ಗೆರೆಗಿಂತ ಕೂದಲೆಳೆ ಮೇಲಿದಾನೆ. ಹೋಗೋ ಮರಿ!”

ಬಟನ್ ಕಿರುಚಿದ ಕಿರುಚಿಗೆ ರೈಲೇ ನಾಚಬೇಕು. ಬರಿಗಾಲಲ್ಲೇ ಓಡಿದ. ಬೂಟು ಹಿಡಿದು ಅಮ್ಮ ಓಡಿದಳು, ಅಕ್ಕ ಓಡಿದಳು. ಟೈಲರನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುತ್ತಿರುವಾಗಲೇ ಕೂದಲೆಳೆ ಎಂಬ ಮಾತು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಬಡಗಿ! ಕೊರಳಿನ ಟೇಪು ತೆಗೆದು ಹಲಗೆಯ ಬುಡದಿಂದ ಕೆಂಪು ಗೆರೆಯವರೆಗೆ ಹಿಡಿದ. ಮೂರು ಬೆರಳು ಕಡಿಮೆ. ಟೇಪು ಹಿಗ್ಗಿ, ಒಂದೊಂದು ಸೆಂಟಿಮೀಟರೂ ಕೊಬ್ಬಿತ್ತು.

ಮೈಯನ್ನೂ ಅದೇ ಟೇಪಿನಲ್ಲಿ ಅಳೆದು, ಬಟ್ಟೆಯನ್ನೂ ಅದೇ ಟೇಪಿನಲ್ಲಿ ಕತ್ತರಿಸಿದರೆ ಸುಳ್ಳಿಗೆ ಸುಳ್ಳು ಸರಿಹೋಗುತ್ತದೆ. ಬೀದಿಯ ಅಂಗಿಗಳೆಲ್ಲ ಮೈಗೆ ಒಪ್ಪಿದ್ದು ಹಾಗೆ. ಆದರೆ ಮ್ಯಾನೇಜರ್ ಅಳೆಸಿದ್ದು ಬೇರೆ ಟೇಪಿನಲ್ಲಿ, ಇವನು ಕತ್ತರಿಸಿದ್ದು ಈ ಟೇಪಿನಲ್ಲಿ. ಮಗನಿಗೆ ಕಡಿಮೆಯಾದ ಮೂರು ಬೆರಳು ಇಡೀ ಪಾರ್ಕಿನವರ ಪ್ಯಾಂಟಿನಲ್ಲಿ ಜಾಸ್ತಿಯಾಗಿ ನೆಲ ಗುಡಿಸುತ್ತಿತ್ತು!

ಮೆಲ್ಲಗೆ ಜಾಗ ಖಾಲಿ ಮಾಡೋಣ ಎಂದು ತಿರುಗಿದ. ಕಾವಲುಗಾರ ಅವನ ಕೈಯ ಟೇಪನ್ನೇ ನೋಡುತ್ತಿದ್ದ.

“ನೀವು... ಟೈಲರಾ?” ಎಂದು, ಉತ್ತರಕ್ಕೂ ಕಾಯದೆ, ಜೋತಾಡುವ ತೋಳಿನಿಂದ ಅವನ ಕೈ ಹಿಡಿದು ಕೂಗಿದ: “ಸಾರ್! ಸಿಕ್ರು ಸಾರ್!”

ಉಗ್ರಾಣದ ಕೋಣೆಯಲ್ಲಿ ಹೊಲಿಗೆ ಯಂತ್ರ ಆಗಲೇ ಸಿದ್ಧವಾಗಿತ್ತು. ಹೊರಗೆ ಕೆಲಸಗಾರರು ಪ್ಯಾಂಟು ಎತ್ತಿ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಮ್ಯಾನೇಜರ್ ಗರಿಗರಿಯಾದ ಹೊಸ ಟೇಪೊಂದನ್ನು ಟೈಲರನ ಕೊರಳಿಗೆ ಹಾಕಿ, “ಇವತ್ತೇ ಆಗ್ಬೇಕು. ನಾಳೆ ಬನ್ನಿ ಅಂತ ಮಾತ್ರ ಹೇಳ್ಬೇಡಿ,” ಎಂದ.

ಅಂದು ಟೈಲರ್ ಪಾರ್ಕಿನಲ್ಲಿ ಕಂಡ ಆಟ ಎಂದರೆ ಪ್ಯಾಂಟಿನ ತುದಿ ಮಡಚುವುದು ಮತ್ತು ಹೊಲಿಯುವುದು. ಕಿಟಕಿಯ ಆಚೆ ಗಳಿಗೆಗೊಮ್ಮೆ ರೈಲು ಗುಡುಗಿ ಹೋಗುತ್ತಿತ್ತು, ಅದರ ಜೊತೆ ಬಟನ್‌ನ ಕೇಕೆಯೂ.

ಸಂಜೆ ಪಾರ್ಕಿನ ಆಟಗಳೆಲ್ಲ ನಿಂತ ಮೇಲೆ ಮಕ್ಕಳು ಕೋಣೆಗೆ ನುಗ್ಗಿದರು. “ಅಪ್ಪಾ, ಒಂದ್ಸಲನೂ ನೀನು ನನ್ನ ಜೊತೆ ಹತ್ತಲೇ ಇಲ್ಲ. ಯಾವಾಗ ಹತ್ತೋದು?”

“ನಾಳೆ,” ಎಂದ ಟೈಲರ್, ಗುಂಡುಸೂಜಿಗಳ ಸಂದಿಯಿಂದ.

ಅಪ್ಪನ ನಾಳೆ ಎಂದರೆ ಏನೆಂದು ಬಟನ್‌ಗೆ ಗೊತ್ತಿಲ್ಲವೇ? ಅವನು ನೆಲದಲ್ಲಿ ಬಿದ್ದಿದ್ದ ಹಳೆಯ ಟೇಪು ಎತ್ತಿಕೊಂಡು ಒಂದು ತುದಿಯನ್ನು ಅಕ್ಕನ ಸೊಂಟಕ್ಕೆ ಕಟ್ಟಿದ. ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ ಜಗ್ಗಿದ. ಟೇಪು ಟೊಂಯ್ ಎಂದಿತು.

“ಇನ್ನೂ ಜೋರಾಗಿ ಎಳಿ ಅಕ್ಕಾ! ದಿನಾ ಎಳೆದ್ರೇನೇ ಉದ್ದ ಆಗೋದು!”

ಟೈಲರನ ಬಾಯಿ ತೆರೆದುಕೊಂಡಿತು. ಗುಂಡುಸೂಜಿಗಳೆಲ್ಲ ಬುಳಬುಳನೆ ಉದುರಿದವು.

“ಏನಾಯ್ತುರೀ?” ಎಂದಳು ಹೆಂಡತಿ.

ಟೈಲರ್ ಕೊರಳಿನ ಹೊಸ ಟೇಪನ್ನು ತೆಗೆದು, ಮಕ್ಕಳ ಕಣ್ಣಿಗೆ ಬೀಳುವ ಮೊದಲೇ ಬನಿಯನ್ನಿನೊಳಗೆ ತುರುಕಿಕೊಂಡು, ಮುಂದಿನ ಪ್ಯಾಂಟಿಗೆ ಕೈ ಚಾಚಿದ.