ದೊಡ್ಡವ್ವ ಹೊಗಳಿದ ಮದುವೆ

ನಿಮ್ಮ ಅಜ್ಜನ ಅಕ್ಕ ಇದ್ದಳಲ್ಲ, ಅವಳು ಯಾರ ಮನೆಯ ಅಡುಗೆಯನ್ನೂ ಚೆನ್ನಾಗಿದೆ ಎಂದವಳಲ್ಲ. ಒಂದೇ ಒಂದು ದಿನ ಅಂದಳು. ಅಂದದ್ದಕ್ಕೆ ಮದುವೆಯ ಮನೆಯೊಂದು ಹೋ ಎಂದು ಅಳಲು ಕುಳಿತಿತು!

ಊರಿಗೆಲ್ಲ ಅವಳು ದೊಡ್ಡವ್ವ. ಅತ್ತೆಯ ಸಾರಿಗೆ ಹೆಸರಿಟ್ಟು ಗಂಡನ ಮನೆ ಬಿಟ್ಟು ಬಂದವಳು ಎಂದು ಜನ ಆಡಿಕೊಳ್ಳುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಮಾಡಿದ ಪುಂಡಿಪಲ್ಲೆಯನ್ನು ಬಾಯಿಗಿಟ್ಟು, "ಮನಿಯಾಗ ಎಮ್ಮಿ ಇದ್ದಿದ್ರ ಅದಕ್ಕರ ಹಾಕಬಹುದಿತ್ತು" ಅಂದಳು. ಎಮ್ಮೆ ಇರಲಿಲ್ಲವಲ್ಲ, ಅದಕ್ಕೇ ಇರಬೇಕು, ತಾನೇ ಎರಡು ಸಲ ಹಾಕಿಸಿಕೊಂಡು ತಿಂದಳು!

ಓಣಿಯಲ್ಲಿ ಯಾರ ಹಂಚು ಕಾದರೂ ಅಲ್ಲಿ ದೊಡ್ಡವ್ವ ಹಾಜರು. ಒಂದು ತುತ್ತು ತಿನ್ನುವುದು, ಹೊರಗೆ ಕಟ್ಟೆಯ ಮೇಲೆ ನಿಂತು ಅದರ ಮಾನ ಹರಾಜು ಹಾಕುವುದು. ಇಂಥವಳನ್ನು ಜನ ಯಾಕೆ ಸಹಿಸಿಕೊಂಡರು ಅನ್ನುತ್ತೀರಾ? ಅದಕ್ಕೆ ಕಾರಣವಿತ್ತು. ನಮ್ಮ ಓಣಿಯ ಮದುವೆಗಳಲ್ಲಿ ಬೀಗರಿಗಿಂತ ಮೊದಲು ದೊಡ್ಡವ್ವನಿಗೆ ಬಡಿಸಬೇಕು. ಅವಳು ಒಂದೊಂದು ಪದಾರ್ಥಕ್ಕೂ ಹೆಸರಿಡಬೇಕು. ಅವಳು ಬೈದ ಅಡುಗೆಯನ್ನು ಬೀಗರು ಬೈಯುವುದಿಲ್ಲ, ದೃಷ್ಟಿ ತಾಗುವುದಿಲ್ಲ ಎಂದು ಎಲ್ಲರ ನಂಬಿಕೆ. ಹೊಸ ಮನೆಗೆ ಬೂದುಗುಂಬಳ ಕಟ್ಟುತ್ತಾರಲ್ಲ, ಹಾಗೆ ನಮ್ಮ ಮದುವೆಗಳಿಗೆ ದೊಡ್ಡವ್ವ. ಬೂದುಗುಂಬಳಕ್ಕೆ ಬಾಯಿಲ್ಲ, ಅಷ್ಟೇ ವ್ಯತ್ಯಾಸ!

ತೊಂಬತ್ತರ ದಶಕದ ಮಾತು. ನಮ್ಮ ಎದುರುಮನೆಯ ಹುಲಿಗೆಮ್ಮ ಗಂಡ ಸತ್ತು ತವರಿಗೆ ಬಂದಳು. ಅವನು ಸಿಂಧನೂರಿನಿಂದ ಲಾರಿಯಲ್ಲಿ ಭತ್ತ ಸಾಗಿಸುತ್ತಿದ್ದವನು. ಅವನನ್ನು ಕೊಂದ ಎಚ್ಐವಿ ಇವಳ ರಕ್ತದಲ್ಲೂ ಇದೆ ಎಂದು ಲಿಂಗಸುಗೂರಿನ ಪರೀಕ್ಷೆಯಲ್ಲಿ ತಿಳಿಯಿತು. ಹುಲಿಗೆಮ್ಮನ ರೊಟ್ಟಿಯೆಂದರೆ ಹಿಂದೆ ಕೈ ಹಿಡಿದರೆ ಕೈ ಕಾಣಬೇಕು, ಅಷ್ಟು ತೆಳು. ಮದುವೆಗೆ ರೊಟ್ಟಿ ಬಡಿಯಲು ಮೊದಲ ಕರೆ ಅವಳಿಗೇ ಹೋಗುತ್ತಿತ್ತು. ಈಗ ಕರೆ ನಿಂತಿತು. ಅವಳು ನೀರು ಹಿಡಿದ ನಲ್ಲಿಯನ್ನು ಹೆಂಗಸರು ಬೂದಿ ಹಾಕಿ ತಿಕ್ಕಿದರು. ಅತ್ತಿಗೆ ಅವಳ ತಟ್ಟೆಯನ್ನು ದನದ ಕೊಟ್ಟಿಗೆಯಲ್ಲಿಟ್ಟಳು. ಯಾರೂ ಕರೆಯದವಳನ್ನು ಎಷ್ಟು ದಿನ ಸಾಕಲಿ, ಬರುವ ಅಮಾವಾಸ್ಯೆಯೊಳಗೆ ಎಲ್ಲಾದರೂ ಹೋಗಲಿ ಎಂದು ಅಣ್ಣ ಹೇಳಿಬಿಟ್ಟ. ರೋಗ ತಂದವನು ಪಾಪ, ರೋಗ ಹತ್ತಿಸಿಕೊಂಡವಳು ಪಾಪಿ! ನಮ್ಮೂರಿನ ನ್ಯಾಯ ನೋಡಿ!

ಒಂದು ದಿನ ದೊಡ್ಡವ್ವ ಊರಿಗೆ ಬಂದ ನರ್ಸಮ್ಮನನ್ನು ದಾರಿಯಲ್ಲೇ ತಡೆದಳು.

"ಆ ರೋಗ ರೊಟ್ಟ್ಯಾಗ ಬರತೈತೇನು?"

"ಇಲ್ರಿ ಅಮ್ಮಾ. ಕೂಡಿ ಉಂಡ್ರ ಬರಂಗಿಲ್ಲ, ಮುಟ್ಟಿದ್ರ ಬರಂಗಿಲ್ಲ. ಅದು ಬರೋದು..."

"ಉಳದಿದ್ದು ನನಗ ಬ್ಯಾಡ. ಈ ವಯಸ್ಸಿನ್ಯಾಗ ನಾ ಮಾಡೋದು ತಿನ್ನೋದೊಂದ!"

ಸೀದಾ ಎದುರುಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಕಟ್ಟೆಯ ಮೇಲಿಂದ ಕೂಗು ಕೇಳಿತು: "ಹುಲಿಗೆಮ್ಮನ ರೊಟ್ಟಿ ಕೆಟ್ಟಾವೋ! ಚಪ್ಪಲಿಗೆ ಅಟ್ಟಿ ಹಚ್ಚಬಹುದು!"

ಓಣಿ ದಂಗಾಯಿತು. ರೊಟ್ಟಿ ಕೆಟ್ಟಿದ್ದಕ್ಕಲ್ಲ, ದೊಡ್ಡವ್ವ ತಿಂದದ್ದಕ್ಕೆ! ಮರುದಿನದಿಂದ ಅವಳಿಗೂ ಎಲ್ಲ ಬಾಗಿಲು ಮುಚ್ಚಿದವು. ಅವಳು ದಿನಾ ಹುಲಿಗೆಮ್ಮನಲ್ಲೇ ತಿಂದು ದಿನಾ ಕೂಗಿದಳು.

ಅಷ್ಟರಲ್ಲಿ ನಮ್ಮ ಓಣಿಯ ಶರಣಮ್ಮನ ಎರಡನೆಯ ಮಗಳ ಮದುವೆ ಬಂತು. ಬೀಗರು ಮುಕ್ಕುಂದದವರು, ಹಾಲಿನಲ್ಲೂ ಹರಳು ಹುಡುಕುವ ಜನ. ದೊಡ್ಡವ್ವನಿಲ್ಲದೆ ನಡೆಯುತ್ತದೆಯೇ? ಮುಚ್ಚಿದ ಬಾಗಿಲು ತಾನಾಗಿ ತೆರೆಯಿತು! ಮುಂಜಾನೆ ಅವಳನ್ನು ಕೂರಿಸಿ ಬಡಿಸಿದರು. ದೊಡ್ಡವ್ವ ರೊಟ್ಟಿ ಮುರಿದು ಬಾಯಿಗಿಟ್ಟಳು. ಬೈಗುಳ ಕೇಳಲು ನಾವೆಲ್ಲ ಸುತ್ತ ನಿಂತೆವು.

"ಚಲೋ ಆಗ್ಯಾವ ಬೇ ರೊಟ್ಟಿ."

ಶರಣಮ್ಮನ ಕೈಯಿಂದ ಸೌಟು ಬಿತ್ತು.

"ಎಣಗಾಯಿ ತಿಂದು ನೋಡ್ರಿ ದೊಡ್ಡವ್ವ, ಖಾರ ಭಾಳ ಆಗೈತಿ..."

"ಇಲ್ಲ ಬಿಡು, ಹಿಂಗ ಇರಬೇಕು."

"ಹುಗ್ಗಿ? ಹುಗ್ಗಿ ತಳ ಹಿಡದೈತ್ರಿ!"

"ಎಲ್ಲಿ ಹಿಡದೈತಿ? ಅಮೃತ ಆಗೈತಿ!"

ಶರಣಮ್ಮ ಗೋಳೋ ಎಂದು ಅತ್ತಳು. ಅವಳು ಅತ್ತದ್ದು ನೋಡಿ ಮದುಮಗಳೂ ಅತ್ತಳು, ಮದುಮಗಳನ್ನು ನೋಡಿ ಉಳಿದವರೂ! "ನಿಮ್ಮ ಕಾಲಿಗೆ ಬೀಳ್ತೀನಿ ದೊಡ್ಡವ್ವ, ಒಂದಕ್ಕರ ಬೈರಿ! ಬೀಗರು ಸಿಂಧನೂರು ದಾಟ್ಯಾರಂತ!"

"ಬೈಯಾಕ ನಾಲಿಗಿ ಏಳವಲ್ದು. ಹುಲಿಗೆಮ್ಮನ್ನ ಕರದು ಇಲ್ಲಿ ರೊಟ್ಟಿ ಬಡಸು. ತಿಂದ್ರ ಎದ್ದೀತು."

"ಅಕಿ ಕೈಯಾಗಿಂದು ಬೀಗರಿಗೆ ಹೆಂಗ್ರಿ ಬಡಸೋದು?"

"ನಾ ದಿನಾ ತಿನ್ನಾಕತ್ತೀನಿ, ಸತ್ತೀನೇನು? ಅಕಿ ಗಂಡ ನಿನ್ನ ದೊಡ್ಡ ಮಗಳ ಮದುವ್ಯಾಗ ಇಲ್ಲೇ ಕುಂತು ಉಂಡಾನ. ಅಂವ ಉಂಡ ತಾಟು ಬೂದಿ ಹಚ್ಚಿ ತಿಕ್ಕಿದ್ಯೇನು? ಗಂಡಸು ಉಂಡ್ರ ತಾಟು, ಹೆಣ್ಮಗಳು ಉಂಡ್ರ ರೋಗ?"

ಶರಣಮ್ಮ ಮೂಗು ಒರೆಸಿಕೊಂಡು ತಾನೇ ಹುಲಿಗೆಮ್ಮನ ಮನೆಗೆ ಹೋದಳು. ಹುಲಿಗೆಮ್ಮ ಬಂದು ಹೊಸ್ತಿಲಲ್ಲೇ ನಿಂತಳು. "ಏನ್ ನೋಡ್ತೀ ಬೇ, ಬಾ, ನನಗ ಹಸದೈತಿ" ಎಂದು ದೊಡ್ಡವ್ವ ಗದರಿದ ಮೇಲೆ ಒಲೆಯ ಮುಂದೆ ಕುಳಿತಳು. ಪಟಪಟ ಸದ್ದು ಶುರುವಾಯಿತು. ಮೊದಲ ರೊಟ್ಟಿ ದೊಡ್ಡವ್ವನ ತಟ್ಟೆಗೆ ಬಂತು.

"ಏನಲೇ ಇದು, ರೊಟ್ಟಿ ಸುಟ್ಟಿಯೋ ಹಂಚು ಸುಟ್ಟಿಯೋ? ಈ ಹುಗ್ಗಿ ಗೋಡಿಗೆ ಸಾರಸಾಕ ಬರತೈತಿ! ಈ ಬದ್ನಿಕಾಯಿ ಬೆಂದೇ ಇಲ್ಲ, ಇನ್ನಾ ಹೊಲದಾಗ ಐತಿ!"

ಶರಣಮ್ಮ ಸಂತೋಷದಿಂದ ಕೈ ಮುಗಿದಳು. ಬೀಗರು ಬಂದರು, ಉಂಡರು, ಬೈಯಲು ಏನೂ ಸಿಗದೆ ಪೆಚ್ಚಾದರು. ಹೋಗುವಾಗ ಬೀಗಿತಿ, "ತೆಳ್ಳನ ರೊಟ್ಟಿ ಯಾರ ಕೈವು?" ಎಂದು ಕೇಳಿಯೂ ಕೇಳಿದಳು. ಹುಲಿಗೆಮ್ಮನ ಅಣ್ಣ ಅಮಾವಾಸ್ಯೆಯ ಮಾತು ಮತ್ತೆ ಎತ್ತಲಿಲ್ಲ. ತಟ್ಟೆ ಕೊಟ್ಟಿಗೆಯಿಂದ ಅಡುಗೆಮನೆಗೆ ಬಂತು.

ಆಮೇಲೆ ಸಿಂಧನೂರಿನ ಖಾನಾವಳಿಗಳಿಗೆ ಅವಳ ರೊಟ್ಟಿ ಹೋಗತೊಡಗಿತು. ಜವಳಗೇರಾ ಕಡೆಯ ಇಬ್ಬರು ಹೆಂಗಸರು, ಇವಳಂತೆಯೇ ರೋಗವಿದ್ದು ಮನೆಯವರು ಹೊರಗಿಟ್ಟವರು, ಬಂದು ಅವಳ ಒಲೆಯ ಮುಂದೆ ಕುಳಿತರು. ದೊಡ್ಡವ್ವನಿಗೆ ಹಬ್ಬ! ಬೈಯಲು ಮೂವರ ಕೈರುಚಿ! ತಪಾಸಣೆಗೆ ಅವರನ್ನು ಲಿಂಗಸುಗೂರಿಗೆ ಕರೆದೊಯ್ಯುವವಳೂ ಅವಳೇ. ಒಮ್ಮೆ ಮಸ್ಕಿಯಲ್ಲಿ ಬಸ್ಸು ಹತ್ತಿದಾಗ ಯಾರೋ ಪಿಸುಗುಟ್ಟಿದರಂತೆ, ಅಕ್ಕಪಕ್ಕದವರೆಲ್ಲ ಎದ್ದು ಹಿಂದೆ ಹೋದರಂತೆ. ದೊಡ್ಡವ್ವ ಖಾಲಿ ಸೀಟಿನ ಮೇಲೆ ಕಾಲು ಚಾಚಿ, "ಚಲೋ ಆತು, ಇಷ್ಟು ದಿನಾ ಯಾಕ ನಿಂತು ಹೋಗ್ತಿದ್ವೋ ಏನೋ!" ಅಂದಳಂತೆ.

ಆಗ ಈಗಿನಂತೆ ನಮ್ಮ ಕಡೆ ಮಾತ್ರೆಗಳಿರಲಿಲ್ಲ. ವರ್ಷಗಳು ಕಳೆದಂತೆ ಹುಲಿಗೆಮ್ಮ ಸಣ್ಣಗಾದಳು. ಒಂದು ದಿನ ಕೇಳಿದಳು: "ಒಮ್ಮಿಯರ ಚಲೋ ಆಗ್ಯಾವ ಅನ್ನು ದೊಡ್ಡವ್ವ."

"ಚಲೋ ಅಂದ್ರ ಕೆಲಸ ಮುಗೀತು ಅಂತ ಮಲಗಿಬಿಡ್ತಿ. ಇವತ್ತು ಅಂಚು ಸೀಳ್ಯಾವ. ನಾಳೆ ನೆಟ್ಟಗ ಬಡಿ."

ದಿನಾ ಒಂದು ತಪ್ಪು ಸಿಗುತ್ತಿತ್ತು. ದಿನಾ ಒಂದು ನಾಳೆ.

ಹುಲಿಗೆಮ್ಮ ಹಾಸಿಗೆಯಿಂದ ಏಳದಂತಾದಾಗ, ಜೀವಮಾನವೆಲ್ಲ ಬರೀ ಬೈದ ದೊಡ್ಡವ್ವ ತಾನೇ ಒಲೆಯ ಮುಂದೆ ಕುಳಿತಳು. ತಾನು ಬಡಿದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಅವಳ ತಲೆ ಎತ್ತಿ ಹಿಡಿದು, ಒಂದು ತುತ್ತು ಇಟ್ಟಳು. ಹುಲಿಗೆಮ್ಮ ಬಹಳ ಹೊತ್ತು ಅಗಿದಳು. ನಾನು ಕಾಲ ಬಳಿ ಕುಳಿತಿದ್ದೆ.

"ದಪ್ಪ ಆಗ್ಯಾವ, ದೊಡ್ಡವ್ವ" ಅಂದಳು.

ದೊಡ್ಡವ್ವ ಸೆರಗಿನಿಂದ ಅವಳ ಬಾಯಿ ಒರೆಸಿದಳು.

"ಹೌದು ಬೇ, ದಪ್ಪ ಆಗ್ಯಾವ. ನಾಳೆ ತೆಳ್ಳಗ ಬಡಿತೀನಿ. ನೀ ಇರು."